ಎಡಗಣ್ಣಿನ ಸುಳಿ

ನಮ್ಮ ಕುದುರೆ ಬಿಜಲಿಯ ಎಡಗಣ್ಣಿನ ಕೆಳಗೆ ಒಂದು ಸುಳಿ ಇತ್ತು. ಒಂದು ರೂಪಾಯಿ ನಾಣ್ಯದಷ್ಟೇ ಜಾಗ. ಅಲ್ಲಿ ಕೂದಲು ಒಳಮುಖವಾಗಿ ಸುತ್ತಿಕೊಂಡು ಕೂತಿತ್ತು. ಕುದುರೆ ವ್ಯಾಪಾರ ಬಲ್ಲವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಕಣ್ಣ ಕೆಳಗಿನ ಸುಳಿಗೆ ಮರಾಠಿ ಮಂದಿ ‘ಆಸುಢಾಳ’ ಅನ್ನುತ್ತಾರೆ, ನಮ್ಮ ಅಜ್ಜ ‘ಕಣ್ಣೀರ ಸುಳಿ’ ಅನ್ನುತ್ತಿದ್ದ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಕಣ್ಣೀರು ನಿಲ್ಲುವುದಿಲ್ಲವಂತೆ.

2018ರ ದೀಪಾವಳಿ ಮುಗಿಸಿ ಅಪ್ಪ ಮತ್ತು ಕಾಕಾ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಕುದುರೆ ಬಜಾರಿಗೆ ಹೋಗಿದ್ದರು. ಅಜ್ಜ ನಮ್ಮೂರಾದ ಮನೋಳಿಯಲ್ಲಿ ಟಾಂಗಾ ಹೊಡೆದವನು. ಟಾಂಗಾ ಹೋದ ಮೇಲೆ ಅಪ್ಪ ಮದುವೆ ಮೆರವಣಿಗೆಗೆ, ಜಾತ್ರೆಗೆ, ಜಯಂತಿಗಳಿಗೆ ಕುದುರೆ ಬಾಡಿಗೆ ಕೊಡುವ ದಂಧೆ ಹಿಡಿದಿದ್ದ. ಹಳೆಯ ಗಂಡುಗುದುರೆಗೆ ವಯಸ್ಸಾಗಿತ್ತು. ಬಜಾರಿನಲ್ಲಿ ಚಲೋ ಕುದುರೆಗಳೆಲ್ಲ ಲಕ್ಷದ ಮೇಲೆ. ಈ ಕುಮೇತ ಬಣ್ಣದ, ನಾಲ್ಕು ಕಾಲೂ ಹಣೆಯೂ ಬೆಳ್ಳಗಿದ್ದ ಪಂಚಕಲ್ಯಾಣಿ ಹೆಣ್ಣುಕುದುರೆ ಮಾತ್ರ ಅರವತ್ತೈದು ಸಾವಿರಕ್ಕೆ ಸಿಕ್ಕಿತು. ನಾಲ್ಕು ವರ್ಷದ ಪ್ರಾಯ. ಯಾಕೆ ಅಷ್ಟು ಅಗ್ಗ ಎಂದು ಅಪ್ಪ ಕೇಳಲಿಲ್ಲ, ಅವನಿಗೆ ಗೊತ್ತಿತ್ತು. ಪಿಕಪ್ ಗಾಡಿಯಿಂದ ಇಳಿಸಿದ ಕೂಡಲೇ ಅಜ್ಜ ಅದರ ಮುಖ ಹಿಡಿದು ನೋಡಿ, ಏನೂ ಅನ್ನದೆ ಒಳಗೆ ಹೋಗಿ ಮಲಗಿಬಿಟ್ಟ. ಆ ಹೊತ್ತಿನಲ್ಲಿ ಅವನು ಮಲಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ನಾನಾಗ ಬಿ.ಎ. ಎರಡನೇ ವರ್ಷ. ಸವದತ್ತಿಯ ಬಸ್ಸಿಗೆ ಹೋಗುವ ಮೊದಲು ಲದ್ದಿ ಬಳಿಯುವುದು, ನೆನೆಸಿದ ಹುರಳಿ ಹಾಕುವುದು, ಖರಾರಾ ಹಚ್ಚುವುದು ನನ್ನ ಪಾಲಿನ ಕೆಲಸ. ಬಿಜಲಿ ಕೆಟ್ಟವಳಲ್ಲ, ಚುರುಕು ಹೆಚ್ಚು. ತೊಗಲಿನ ಮೇಲೆ ನೊಣ ಕೂತರೂ ಮೈಯೆಲ್ಲ ಝುಮ್ಮೆನ್ನಿಸುವಳು. ಬೆನ್ನಿಗೆ ಜೀನು ಹಾಕಲು ಹೋದ ಕಾಕಾನ ತೋಳನ್ನು ಎರಡು ಸಲ ಕಡಿದಿದ್ದಳು. ನನಗೆ ಮೊದಲ ವಾರವೇ ಒಂದು ಒದೆ ಬಿತ್ತು, ತೊಡೆಯ ಮೇಲೆ ಲಾಳದ ಗುರುತು ಹದಿನೈದು ದಿನ ಇತ್ತು. ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೂರ್ನಾಲ್ಕು ತಿಂಗಳಲ್ಲಿ ನನ್ನ ಚಪ್ಪಲಿಯ ಸಪ್ಪಳಕ್ಕೇ ಗ್ವಾದಲಿಯಿಂದ ತಲೆ ಎತ್ತುವಷ್ಟು ಆಯಿತು. ಬೇಸಗೆಯಲ್ಲಿ ಹೊಳೆಯ ದಂಡೆಯ ಉಸುಕಿನಲ್ಲಿ ಜೀನಿಲ್ಲದೆ ಹತ್ತಿ ಕೂತೆ. ಅವಳು ಎರಡು ಹೆಜ್ಜೆ ಇಟ್ಟು ನಿಂತು, ಕತ್ತು ತಿರುಗಿಸಿ ನನ್ನ ಮೊಣಕಾಲು ಮೂಸಿದಳು.

ನಮ್ಮ ಪತ್ರಾಸ್ ಶೆಡ್ ಇದ್ದದ್ದು ಊರ ಕೆಳಗೆ, ಹೊಳೆಯ ಮಗ್ಗುಲಿಗೆ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ನಮಗಿಂತ ಮೇಲಿದೆ. ಅದರ ತುಂಬು ಮಟ್ಟ 2079.50 ಅಡಿ ಎಂಬ ಅಂಕಿ ಊರಿನ ಚಿಕ್ಕ ಮಕ್ಕಳಿಗೂ ಬಾಯಿಪಾಠ, ಯಾಕೆಂದರೆ ಎಷ್ಟೋ ವರ್ಷ ಅದು ತುಂಬುವುದೇ ಇಲ್ಲ. 2019ರ ಆಗಸ್ಟಿನಲ್ಲಿ ತುಂಬಿತು. ಖಾನಾಪುರದ ಕಡೆ ಸುರಿದ ಮಳೆ ಎಲ್ಲಾ ಒಮ್ಮೆಲೇ ಬಂತು, ಗೇಟು ಎತ್ತಿದರು.

ರಾತ್ರಿ ಡಂಗುರ ಸಾರಿದಾಗ ಅಪ್ಪ ಎಮ್ಮೆಗಳನ್ನು ಬಿಚ್ಚಿ ಮೇಲೆ ಹೊಡೆದುಕೊಂಡು ಹೋದ. ಗಂಡುಗುದುರೆಯನ್ನು ಕಾಕಾ ಹಿಡಿದ. ಬಿಜಲಿಯನ್ನು ಯಾರಿಗೂ ಮುಟ್ಟಲಾಗಲಿಲ್ಲ. ನೀರು ಮೊಣಕಾಲಿಗೆ ಬಂದಿತ್ತು, ಅವಳು ಕುಣಿಯುತ್ತಿದ್ದಳು. ಮುಂದೆ ಎರಡು, ಹಿಂದೆ ಎರಡು ಹಗ್ಗ, ಅಗಾಡಿ-ಪಿಛಾಡಿ. ಗಂಟು ನೀರು ಕುಡಿದು ಕಲ್ಲಾಗಿತ್ತು. ನಾನು ಕುಡುಗೋಲು ಹಿಡಿದು ನೀರಿಗಿಳಿದೆ. ಹಿಂದಿನ ಹಗ್ಗ ಕೊಯ್ಯುವಾಗ ಅವಳ ಕಾಲು ನನ್ನ ಕಿವಿಯ ಪಕ್ಕ ಹಾದುಹೋದ ಗಾಳಿ ಈಗಲೂ ಮೈಮೇಲಿದೆ. ಮುಂದಿನದು ಕೊಯ್ಯುವ ಹೊತ್ತಿಗೆ ನೀರು ಸೊಂಟಕ್ಕೆ. ಮುಖದ ಹಗ್ಗ ಹಿಡಿಯಲು ಆಗಲಿಲ್ಲ, ಬಾಲ ಹಿಡಿದೆ. ಅಜ್ಜ ಯಾವಾಗಲೋ ಹೇಳಿದ್ದ, ‘ಹೊಳ್ಯಾಗ ಕುದುರಿ ಮುಂದ ಹೋಗಬಾರ್ದು, ಬಾಲ ಹಿಡದು ಹಿಂದ ಹೋಗಬೇಕು’ ಅಂತ. ಕತ್ತಲೆಯಲ್ಲಿ ಅವಳು ಎತ್ತ ಹೋದಳೋ ಅತ್ತ ಹೋದೆ. ಮುಳ್ಳುಕಂಟಿ, ಯಾರದೋ ಬೇಲಿ, ತೇಲುವ ಕಣಿಕಿಯ ಸೂಡು. ಏರಿಯ ಮಣ್ಣು ಕಾಲಿಗೆ ಸಿಕ್ಕಾಗ ನನ್ನ ಎರಡೂ ಅಂಗೈ ತೊಗಲು ಸುಲಿದಿತ್ತು.

ನಮ್ಮ ಹೊಳೆಗೆ ಕುದುರೆಗಳು ಹೊಸವಲ್ಲ. 1800ರ ಜುಲೈ 30ರಂದು ಬ್ರಿಟಿಷರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕುದುರೆ ದಂಡು ತಂದು ಇದೇ ಮನೋಳಿಯ ಎದುರಿಗೆ, ಅವರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘನ ಬಿಡಾರದ ಮೇಲೆ ಬಿದ್ದ. ಸುಮಾರು ಐದು ಸಾವಿರ ಮಂದಿಯನ್ನು ಮಲಪ್ರಭೆಗೆ ಅಟ್ಟಿದೆ, ಅವರು ಮುಳುಗಿ ಸತ್ತರು ಎಂದು ಅವನೇ ಥಾಮಸ್ ಮನ್ರೋಗೆ ಪತ್ರ ಬರೆದಿದ್ದಾನೆ. ಮುಂದೆ ವಾಟರ್ಲೂ ಗೆದ್ದ ವೆಲ್ಲಿಂಗ್ಟನ್ ಇವನೇ. ನಮ್ಮ ಕಾಲೇಜಿನಲ್ಲಿ ವಾಟರ್ಲೂ ಪಾಠ ಇತ್ತು, ಮನೋಳಿಯ ಹೊಳೆ ಇರಲಿಲ್ಲ.

ಊರ ಮೇಲಿನ ಶಾಲೆಯ ಅಂಗಳದಲ್ಲಿ ನಾಲ್ಕು ದಿನ ಇದ್ದೆವು. ಬಿಜಲಿ ರಾಡಿಯಲ್ಲೇ ನಿಂತಳು, ಕೆಂಪು ನೀರನ್ನೇ ಕುಡಿದಳು. ನೀರು ಇಳಿದ ಮೇಲೆ ಶೆಡ್ಡಿನಲ್ಲಿ ಸತ್ತ ಇಲಿಗಳನ್ನು ಬುಟ್ಟಿಯಲ್ಲಿ ತುಂಬಿ ಎಸೆದೆವು. ಅದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಬರುತ್ತದೆ. ನಮಗೂ ಮೂರು ವರ್ಷ ಗೊತ್ತಾಗಲಿಲ್ಲ.

ಮರುವರ್ಷ ಲಾಕ್‌ಡೌನ್. ಮದುವೆ ಇಲ್ಲ, ಜಾತ್ರೆ ಇಲ್ಲ, ಎಲ್ಲಮ್ಮನ ಗುಡ್ಡಕ್ಕೆ ಜನವೇ ಇಲ್ಲ. ಗಂಡುಗುದುರೆ ಸತ್ತಿತು. ಅದೇ ವರ್ಷ ಅಜ್ಜನೂ ಹೋದ.

2021ರ ಮಳೆಗಾಲದಲ್ಲಿ ಬಿಜಲಿಯ ಎಡಗಣ್ಣು ಸೋರತೊಡಗಿತು. ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡು ಬಿಸಿಲಿಗೆ ಮುಖ ತಿರುಗಿಸಿ ನಿಲ್ಲುವಳು. ಹತ್ತು ದಿನಕ್ಕೆ ತಾನೇ ಕಡಿಮೆಯಾಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಅಮಾವಾಸ್ಯೆಗೆ ಬರುತ್ತದೆ ಎಂದು ಅವ್ವ, ಹುಣ್ಣಿಮೆಗೆ ಎಂದು ಕಾಕಾ. ಉಪ್ಪುನೀರು ಚಿಮುಕಿಸಿದರು, ಲಿಂಬೆಹಣ್ಣು ಇಳಿಸಿದರು. ಕೊನೆಗೆ ಬೇರೆ ಊರಿನಿಂದ ಒಬ್ಬರನ್ನು ಕರೆಸಿದರು. ಅವರು ಕಣ್ಣು ನೋಡಲೇ ಇಲ್ಲ, ಸುಳಿ ನೋಡಿದರು. ‘ಇದನ್ನ ಸುಡಬೇಕು, ಬ್ಯಾನಿ ತಾನs ಹೋಗತೈತಿ’ ಅಂದರು.

ಕುಡುಗೋಲಿನ ತುದಿಯನ್ನು ಕೆಂಡದಲ್ಲಿಟ್ಟರು. ಬಿಜಲಿ ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ, ಹಾಗಾಗಿ ಮುಖ ಹಿಡಿಯಬೇಕಾದವಳು ನಾನು. ಬೇಡ ಅಂದೆನೇ? ಒಮ್ಮೆ ಅಂದೆ. ಅಪ್ಪ ‘ಹಿಡಿ’ ಅಂದ, ಹಿಡಿದೆ. ಕೂದಲು ಸುಟ್ಟ ವಾಸನೆ ಮೊದಲು ಬಂತು, ಅವಳ ಕೂಗು ಆಮೇಲೆ. ನನ್ನ ಕೈಯಲ್ಲಿದ್ದ ಹಗ್ಗ ಹರಿದುಕೊಂಡು ಹೋದಳು. ಅಂದಿನಿಂದ ಎಡಗಡೆಯಿಂದ ನಾನು ಹೋದರೆ ಕಿವಿ ಹಿಂದಕ್ಕೆ ಮಲಗಿಸಿ ಹಲ್ಲು ತೋರಿಸುವಳು. ಪ್ರವಾಹದಲ್ಲಿ ಗಳಿಸಿದ್ದನ್ನೆಲ್ಲ ಅರ್ಧ ನಿಮಿಷದಲ್ಲಿ ಕಳೆದುಕೊಂಡೆ.

ಆದರೂ ಹತ್ತುವುದು ಬಿಡಲಿಲ್ಲ. 2022ರ ಅಕ್ಟೋಬರಿನಲ್ಲಿ ಒಂದು ಊರಿನವರು ಚನ್ನಮ್ಮನ ಮೆರವಣಿಗೆಗೆ ಬಿಜಲಿಯನ್ನು ಕೇಳಿದರು. ನಮ್ಮ ಸೀಮೆಯಲ್ಲಿ ಅಕ್ಟೋಬರ್ 23 ಎಂದರೆ ಕಿತ್ತೂರಿನ ವಿಜಯದ ದಿನ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದದ್ದು ಅಂದೇ. ಬೈಲಹೊಂಗಲದಲ್ಲಿ ರಾಣಿಯ ಸಮಾಧಿ ಇದೆ. ಊರೂರಿಗೆ ಮೂರ್ತಿ ಇದೆ, ಹೆಚ್ಚಿನ ಮೂರ್ತಿಗಳಲ್ಲಿ ಅವಳು ಕುದುರೆಯ ಮೇಲೇ. ಹೀಗಾಗಿ ಹುಡುಗಿಯೊಬ್ಬಳಿಗೆ ಕಚ್ಚೆ ಸೀರೆ ಉಡಿಸಿ, ಕಿರೀಟ ಇಟ್ಟು, ಕಟ್ಟಿಗೆಯ ಖಡ್ಗ ಕೊಟ್ಟು ಹತ್ತಿಸುವುದು ರೂಢಿ. ಸಾಮಾನ್ಯವಾಗಿ ಹುಡುಗಿ ಹೆದರಿ ಅಲುಗಾಡದೆ ಕೂತಿರುತ್ತಾಳೆ, ಕುದುರೆಯನ್ನು ಇಬ್ಬರು ಹಿಡಿದಿರುತ್ತಾರೆ. ನಾನೇ ನಡೆಸುತ್ತೇನೆ ಅಂದದ್ದಕ್ಕೆ ಸಂಘಟಕರಿಗೆ ಖುಷಿಯೋ ಖುಷಿ.

ಅರ್ಧ ದಾರಿ ಚಲೋ ಹೋಯಿತು. ಹಲಗಿ, ಝಾಂಜು, ಮುಂದೆ ಡೊಳ್ಳು. ಒಂದು ಮನೆಯ ಮಾಳಿಗೆಯಿಂದ ಯಾರೋ ಎಡಗಡೆಯಿಂದ ಚೆಂಡು ಹೂವಿನ ಮಾಲೆ ಎಸೆದರು. ಪ್ರೀತಿಯಿಂದಲೇ ಎಸೆದದ್ದು. ಅದು ಬಿಜಲಿಯ ಕೊರಳಿಗೆ ತಾಗಿತು. ತಾಗುವವರೆಗೂ ಅದು ಬರುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ನಮಗ್ಯಾರಿಗೂ ಇದು ಹೊಳೆಯಲಿಲ್ಲ. ಬಲಕ್ಕೆ ಬಾಣದಂತೆ ತಿರುಗಿದಳು, ನಾನು ಎಡಕ್ಕೆ ಸಿಮೆಂಟ್ ರಸ್ತೆಯ ಮೇಲೆ. ಎಡಗಡೆಯ ಕಾಲರ್ ಬೋನ್ ಮುರಿದ ಸದ್ದು ನನಗೇ ಕೇಳಿಸಿತು, ಒಣ ತೊಗರಿಕಟ್ಟಿಗೆ ಮುರಿದಂತೆ. ಅವಳು ಕಬ್ಬಿನ ಹೊಲಕ್ಕೆ ಹೊಕ್ಕಳು. ಮಲಗಿದ್ದಲ್ಲೇ ನನ್ನ ಕಿವಿಗೆ ಬಿದ್ದ ಮೊದಲ ಮಾತು: ‘ನೋಡ್ರಿ, ಕಣ್ಣೀರ ಸುಳಿ ಐತಿ ಅದಕ್ಕ.’

ಆರು ವಾರ ಕೈ ಜೋಳಿಗೆಯಲ್ಲಿ. ಅಪ್ಪ ಅವಳನ್ನು ಮಾರಲು ಮಾತಾಡುತ್ತಿದ್ದ. ಅವ್ವ ನನ್ನ ಮದುವೆ ಮಾತಾಡುತ್ತಿದ್ದಳು. ಎರಡಕ್ಕೂ ಗಿರಾಕಿ ಬರಲಿಲ್ಲ. ಕಿಟಕಿಯಲ್ಲಿ ಕೂತು ಶೆಡ್ಡಿನತ್ತ ನೋಡುವುದೊಂದೇ ಕೆಲಸ. ನೋಡುತ್ತ ನೋಡುತ್ತ ಕೆಲವು ಸಣ್ಣ ಸಂಗತಿ ಕಂಡವು. ಒಳಗೆ ಬರುವಾಗ ಬಿಜಲಿಯ ಎಡ ಪಕ್ಕೆ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು, ಬಲ ಪಕ್ಕೆ ಎಂದೂ ಬಡಿಯಲಿಲ್ಲ. ಗ್ವಾದಲಿಯ ಎಡ ಮೂಲೆಯ ಹುರಳಿ ಉಳಿಯುತ್ತಿತ್ತು. ನಮ್ಮ ಕೋಳಿ ಅವಳ ಎಡಗಡೆ ಓಡಾಡಿದರೆ ಕಿವಿಯೂ ಅಲುಗದು; ಅದೇ ಕೋಳಿ ಮೂತಿಯ ಮುಂದೆ ದಾಟಿ ಬಲಕ್ಕೆ ಬಂದರೆ ದೆವ್ವ ಕಂಡಂತೆ ಹಾರುವಳು. ಮೂರು ದಿನ ಕೋಳಿ ಲೆಕ್ಕ ಹಾಕಿದೆ. ನಾಲ್ಕನೇ ದಿನ ಅಪ್ಪನಿಗೆ ಅಂದೆ: ‘ಅಪಾ, ಆಕಿಗೆ ಎಡಗಣ್ಣು ಕಾಣಂಗಿಲ್ಲ.’

ಪಶುವೈದ್ಯೆಯೊಬ್ಬರು ಬಂದರು. ಶೆಡ್ಡಿಗೆ ಚಾದರ ಕಟ್ಟಿ ಕತ್ತಲೆ ಮಾಡಿ ಬ್ಯಾಟರಿ ಬಿಟ್ಟು ಪಾಪೆ ನೋಡಿದರು. ಗಾಳಿ ತಾಗದಂತೆ ಕಣ್ಣ ಮುಂದೆ ಬೆರಳು ಆಡಿಸಿದರು, ರೆಪ್ಪೆ ಮಿಟುಕಲಿಲ್ಲ. ಬಲಗಣ್ಣಿಗೆ ಬಟ್ಟೆ ಕಟ್ಟಿ ನಡೆಸಿದಾಗ ಬಿಜಲಿ ನೆಲದ ಮೇಲಿಟ್ಟ ಬಕೆಟ್ಟಿಗೆ ಎಡವಿದಳು. ಕಣ್ಣಿನ ಒಳಗಿನ ಉರಿಯೂತ, ಪದೇ ಪದೇ ಬರುವಂಥದ್ದು, ಯುವಿಯೈಟಿಸ್ ಅಂದರು. ಪ್ರಪಂಚದಲ್ಲಿ ಕುದುರೆಗಳು ಕುರುಡಾಗುವುದಕ್ಕೆ ಇದೇ ದೊಡ್ಡ ಕಾರಣವಂತೆ. ಚಂದ್ರನ ಏರಿಳಿತಕ್ಕೆ ತಕ್ಕಂತೆ ಬರುತ್ತದೆಂದು ಇಂಗ್ಲಿಷರೂ ನಂಬಿದ್ದರಂತೆ, ಅವರ ಭಾಷೆಯಲ್ಲಿ ಇದಕ್ಕೆ ‘ಮೂನ್ ಬ್ಲೈಂಡ್‌ನೆಸ್’ ಎಂದೇ ಹೆಸರು. ಅವ್ವ, ಕಾಕಾ ಇಬ್ಬರೂ ತಾವೇ ಗೆದ್ದಂತೆ ಮುಖ ಮಾಡಿದರು.

ಆಮೇಲೆ ಡಾಕ್ಟರಮ್ಮ ಕೇಳಿದರು: ‘ಈಕಿ ಯಾವಾಗರ ನಿಂತ ನೀರಾಗ, ರಾಡ್ಯಾಗ ಇದ್ಳೇನು?’ ಇಲಿಯ ಉಚ್ಚೆಯಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಮನುಷ್ಯರಿಗೆ ಇಲಿಜ್ವರ ತರುತ್ತದೆ. ಕುದುರೆಯಲ್ಲಿ ಅದು ಸದ್ದಿಲ್ಲದೆ ಕಣ್ಣಿನಲ್ಲಿ ಕೂತು, ಒಂದೆರಡು ವರ್ಷ ಕಳೆದ ಮೇಲೆ ಹೀಗೆ ಕಾಡಬಹುದು. ‘ಹೊಳಿ ಬಂದಾಗಿಂದs ಅಂತ ಖಾತ್ರಿ ಹೇಳಾಕ ಆಗೂದಿಲ್ಲ. ಆದ್ರ ಇರಬಹುದು,’ ಅಂದರು. ಶೆಡ್ಡಿನಿಂದ ಎತ್ತಿ ಎಸೆದ ಇಲಿಗಳು ನನಗೆ ನೆನಪಾದವು. ಸುಳಿಯ ಸುಟ್ಟ ಗಾಯ ನೋಡಿ ಅವರು ಯಾರು ಮಾಡಿದ್ದು ಎಂದು ಕೇಳಲಿಲ್ಲ. ಅಪ್ಪ ಹೊರಗೆ ಹೋಗಿ ಬೀಡಿ ಹಚ್ಚಿದ.

ಹೋದ ದೃಷ್ಟಿ ಬರುವುದಿಲ್ಲ. ನೋವು ನಿಲ್ಲಿಸಬೇಕು, ಬಲಗಣ್ಣು ಕಾಯಬೇಕು. ಅದಕ್ಕೆ ಅಟ್ರೋಪಿನ್ ಮುಲಾಮು, ಉರಿಯೂತಕ್ಕೆ ಬೇರೊಂದು ಔಷಧ, ದಿನಕ್ಕೆ ಮೂರು ಸಲ, ಮೂರು ವಾರ. ಅಟ್ರೋಪಿನ್ ಹೆಚ್ಚಾದರೆ ಕುದುರೆಯ ಕರುಳು ನಿಧಾನವಾಗಿ ಹೊಟ್ಟೆಶೂಲೆ ಹಿಡಿಯುತ್ತದೆ, ಆದ್ದರಿಂದ ಲದ್ದಿ ಎಣಿಸು, ಕಡಿಮೆಯಾದರೆ ನಿಲ್ಲಿಸಿ ಫೋನ್ ಮಾಡು ಎಂದರು. ನಾನು ಪದವೀಧರೆ, ಮೂರು ವಾರ ನೋಟ್‌ಬುಕ್ಕಿನಲ್ಲಿ ಲದ್ದಿಯ ಲೆಕ್ಕ ಬರೆದೆ.

ಮೂರೂವರೆ ಕ್ವಿಂಟಲ್ ತೂಗುವ ಪ್ರಾಣಿ. ನೋಯುವ ಕಣ್ಣು, ಅದೂ ನಾವೇ ಸುಟ್ಟ ಕಡೆಯದು. ನನಗೆ ಒಂದೇ ಕೈ. ಮೊದಲ ದಿನ ಮುಲಾಮು ಅವಳ ಹಲ್ಲಿಗೆ, ನನ್ನ ಕೂದಲಿಗೆ, ಗೋಡೆಗೆ ಹತ್ತಿತು, ಕಣ್ಣೊಂದು ಬಿಟ್ಟು. ಕಾಕಾ ಮೂತಿಗೆ ಹಗ್ಗ ಬಿಗಿದು ತಿರುಚೋಣ ಅಂದ. ನಾನು ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಬಲಗಡೆ ನಿಂತು, ಅವಳಿಗೆ ಕಾಣುವಂತೆ ಖಾಲಿ ಕೈ ತೋರಿಸಿ, ಹಣೆಯ ಮೇಲಿಟ್ಟು, ಅಲ್ಲಿಂದ ಒಂದೊಂದೇ ಬೆರಳು ಎಡಕ್ಕೆ ಸರಿಸಿದೆ. ಕೈ ಎಲ್ಲಿದೆ ಎಂದು ತೊಗಲಿಗೆ ತಿಳಿಯುತ್ತಿರಬೇಕು, ನಡುವೆ ಎತ್ತಬಾರದು. ಪ್ರತಿ ಸಲ ಒಂದೇ ಮಾತು: ‘ಬಂದ್ನಿ ಬಿಜಲಿ, ಬಂದ್ನಿ.’ ಬೆರಳು ಸುಟ್ಟ ಕಲೆ ತಲುಪಿದಾಗ ಅವಳ ಮೈಯೆಲ್ಲ ನಡುಗುತ್ತಿತ್ತು. ಅಲ್ಲೇ ನಿಲ್ಲಿಸಿ, ಬೆಲ್ಲ ಕೊಟ್ಟು, ಮತ್ತೆ ಹಣೆಯಿಂದ ಶುರು. ಮೊದಲ ಯಶಸ್ವಿ ಮುಲಾಮಿಗೆ ಎರಡು ತಾಸು ಹಿಡಿಯಿತು. ಆರನೇ ದಿನಕ್ಕೆ ಕಾಲು ತಾಸು. ಹನ್ನೊಂದನೇ ದಿನ ರಾತ್ರಿ ಕರೆಂಟ್ ಹೋಗಿತ್ತು. ‘ಬಂದ್ನಿ’ ಅನ್ನುವಷ್ಟರಲ್ಲಿ ಅವಳೇ ತಲೆ ಇಳಿಸಿ ಎಡಗೆನ್ನೆಯನ್ನು ನನ್ನ ಜೋಳಿಗೆಯ ಕೈ ಮೇಲೆ ಇಟ್ಟಳು. ಮುರಿದ ಎಲುಬಿಗೆ ಜೀವ ಹೋಗುವಷ್ಟು ನೋವಾಯಿತು. ಹಾಗೇ ನಿಂತೆ.

ಮತ್ತೆ ಹತ್ತಿದ್ದು ಬಲಗಡೆಯಿಂದ. ಜಾಣತನದಿಂದಲ್ಲ, ಎಡಗೈಯಲ್ಲಿ ಕೊರಳ ಕೂದಲು ಹಿಡಿದು ಮೈ ಎತ್ತುವ ಶಕ್ತಿ ಇರಲಿಲ್ಲ, ಅದಕ್ಕೆ. ಕುದುರೆಗೆ ಎಡಗಡೆಯಿಂದಲೇ ಹತ್ತುವ ಪದ್ಧತಿ ಬಂದದ್ದು ಖಡ್ಗದಿಂದ. ಒರೆ ಎಡ ಸೊಂಟಕ್ಕೆ ತೂಗುತ್ತದೆ, ಬಲಗಡೆಯಿಂದ ಹತ್ತಿದರೆ ಕಾಲಿಗೆ ಸಿಗುತ್ತದೆ. ಖಡ್ಗ ಹೋಗಿ ಎಷ್ಟೋ ಕಾಲವಾದರೂ ಪದ್ಧತಿ ಉಳಿದಿದೆ. ಬಿಜಲಿ ಬಲಗಡೆಯಿಂದ ನಾನು ರಿಕಾಬಿಗೆ ಕಾಲು ಇಡುವುದನ್ನು ಪೂರ್ತಿ ನೋಡಿದಳು, ಕಲ್ಲಿನಂತೆ ನಿಂತಳು. ನಾಲ್ಕು ವರ್ಷದಲ್ಲಿ ಹಾಗೆ ನಿಂತದ್ದು ಅದೇ ಮೊದಲು.

2023 ಪೂರ್ತಿ ಅಭ್ಯಾಸ. ನನ್ನ ತಮ್ಮ ಎಡಗಡೆ ನಡೆಯುತ್ತಿದ್ದ, ಸೊಂಟಕ್ಕೆ ಎತ್ತಿನ ಗಂಟೆ ಕಟ್ಟಿಕೊಂಡು, ಅಲ್ಲಿ ಯಾರೋ ಇದ್ದಾರೆಂದು ಅವಳಿಗೆ ಕೇಳಲಿ ಅಂತ. ಹಲಗಿಯ ಸದ್ದಿನಲ್ಲಿ ಗಂಟೆ ಕೇಳುವುದಿಲ್ಲ ಎಂದು ಆಮೇಲೆ ಹೊಳೆಯಿತು. ಗಂಟೆ ಬಿಚ್ಚಿ, ಅವನ ಕೈ ಅವಳ ಎಡ ಹೆಗಲ ಮೇಲೆ ಇರುವಂತೆ ಮಾಡಿದೆವು. ಊರ ಹುಡುಗರನ್ನು ಕರೆದು ದೂರದಿಂದ ತಟ್ಟೆ ಬಡಿಸಿದೆ, ಆಮೇಲೆ ಹತ್ತಿರದಿಂದ, ಆಮೇಲೆ ನಿಜವಾದ ಹಲಗಿ. ನಡುವೆ ಎರಡು ಸಲ ಕಣ್ಣು ಕೆರಳಿತು, ಮತ್ತೆ ಮುಲಾಮು, ಮತ್ತೆ ಲದ್ದಿ ಲೆಕ್ಕ. ಒಮ್ಮೆ ಬಿದ್ದೆ ಕೂಡ. ಅದು ಇಲ್ಲಿ ಬರೆಯುವಷ್ಟು ದೊಡ್ಡದೇನಲ್ಲ.

2024 ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿದ ವರ್ಷ. ಹಳ್ಳಿ ಹಳ್ಳಿಯಲ್ಲೂ ಮೆರವಣಿಗೆ. ಒಂದು ಊರಿನವರು ಕೇಳಿದಾಗ ಅಪ್ಪ ನನ್ನ ಮುಖ ನೋಡಿದ. ಹೂಂ ಅಂದೆ. ತೊಡಕು ಬಂದದ್ದು ವೇಷ ಹಾಕುವಾಗ. ಬಲಗಡೆಯಿಂದ ಹತ್ತಬೇಕಲ್ಲ, ಖಡ್ಗದ ಒರೆಯನ್ನು ಬಲ ಸೊಂಟಕ್ಕೆ ಕಟ್ಟಿಕೊಂಡರೆ ಬಲಗೈಯಿಂದ ಖಡ್ಗ ಎಳೆಯುವುದು ಕಷ್ಟ. ಎಡಕ್ಕೆ ಕಟ್ಟಿಕೊಂಡರೆ ಕಾಲು ಎತ್ತಿ ಆಚೆ ಹಾಕುವಾಗ ಕುದುರೆಯ ಬೆನ್ನಿಗೆ ಬಡಿಯುತ್ತದೆ. ಕಡೆಗೆ ಒರೆಯನ್ನೇ ಬಿಟ್ಟೆ. ಹತ್ತಿ ಕೂತ ಮೇಲೆ ತಮ್ಮ ಕಟ್ಟಿಗೆಯ ಖಡ್ಗ ಕೊಟ್ಟ. ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಕೇಳಿದರು: ‘ಏನವಾ, ರಾಣಿ ಎಡಚಿ ಇದ್ಲೇನು, ಉಲ್ಟಾ ಹತ್ತಾಕ?’ ಮಂದಿ ನಕ್ಕರು. ನನಗೂ ನಗು ಬಂತು, ಅದು ಬಿಜಲಿಯ ಬೆನ್ನಿಗೆ ತಿಳಿದು ಅವಳು ಒಂದು ಕಿವಿ ನನ್ನತ್ತ ತಿರುಗಿಸಿದಳು.

ಎರಡು ತಾಸು ನಡೆದೆವು. ಡೊಳ್ಳಿನವರು ಬಲಕ್ಕೆ, ತಮ್ಮನ ಕೈ ಎಡ ಹೆಗಲಿಗೆ. ಸರ್ಕಲ್ಲಿನಲ್ಲಿ ಚನ್ನಮ್ಮನ ಮೂರ್ತಿಯ ಮುಂದೆ ನಿಲ್ಲಿಸಬೇಕು. ಅಲ್ಲಿ ಯಾರೋ, ಬೇಡವೆಂದು ಎಷ್ಟು ಹೇಳಿದ್ದರೂ, ಎಡಗಡೆಯಲ್ಲಿ ಪಟಾಕಿ ಸರ ಹಚ್ಚಿದರು. ಬಿಜಲಿಯ ಮೈ ನನ್ನ ಕೆಳಗೆ ಬಿಲ್ಲಿನಂತೆ ಬಿಗಿಯಿತು. ಲಗಾಮು ಎಳೆಯಲಿಲ್ಲ, ಎಳೆದರೆ ಏಳುತ್ತಾಳೆ. ಬಗ್ಗಿ ಎಡಗೈಯನ್ನು ಅವಳ ಕೊರಳಿನಿಂದ ಕೆನ್ನೆಯವರೆಗೆ ಸರಿಸಿ ‘ಬಂದ್ನಿ’ ಅಂದೆ. ಕಿರೀಟ ಜಾರಿ ರಸ್ತೆಗೆ ಬಿತ್ತು. ಪಟಾಕಿ ಮುಗಿಯುವವರೆಗೆ ಅವಳು ನಾಲ್ಕೂ ಕಾಲು ನೆಲಕ್ಕೆ ಊರಿ, ನಡುಗುತ್ತ, ನಿಂತಳು. ಫೋಟೊದಲ್ಲಿ ನನ್ನ ತಲೆಯ ಮೇಲೆ ಕಿರೀಟ ಇಲ್ಲ. ಅಪ್ಪ ಅದನ್ನೇ ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದ್ದಾನೆ.

ಬಲಗಣ್ಣು ಸದ್ಯಕ್ಕೆ ಶುದ್ಧವಾಗಿದೆ, ಆರು ತಿಂಗಳಿಗೊಮ್ಮೆ ತೋರಿಸುತ್ತೇವೆ. ಸುಳಿ ಇದ್ದಲ್ಲಿ ಈಗ ಕೂದಲು ಬೆಳೆಯುವುದಿಲ್ಲ. ಈ ಸಲದ ಅಕ್ಟೋಬರಿಗೂ ಕೇಳುವವರಿದ್ದಾರೆ. ಬರುತ್ತೇವೆ. ಕರೆಯುವವರು ಹಲಗಿಯವರನ್ನು ಬಲಗಡೆ ನಿಲ್ಲಿಸಿ, ಪಟಾಕಿ ತರಬೇಡಿ, ಮಾಲೆ ಹಾಕುವುದಿದ್ದರೆ ಎದುರಿಗೆ ಬಂದು, ಅವಳಿಗೆ ತೋರಿಸಿ ಹಾಕಿ. ರಾಣಿ ಉಲ್ಟಾ ಹತ್ತಿದಳೆಂದು ನಗುವುದಿದ್ದರೆ ನಗಿರಿ, ಅದಕ್ಕೇನೂ ಅಡ್ಡಿಯಿಲ್ಲ.